ನೀವು ಮುಳ್ಳು ಅಂದಿರಿ

ಪೂಜ್ಯ ಮಾವನವರಿಗೆ,

ಚನ್ನಗಿರಿಯಿಂದ ನಿಮ್ಮ ಸೊಸೆ ಪಾರ್ವತಿ ಮಾಡುವ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಬರೆದು, ನಿಮ್ಮ ಕ್ಷೇಮ ವಿಚಾರಿಸಬೇಕೆನ್ನುವಾಗ ಕೈ ನಿಂತಿತು. ನೀವು ತೀರಿಕೊಂಡು ಮೂರು ವರ್ಷವಾಯಿತಲ್ಲ. ನೀವಿದ್ದಾಗ ಎದುರಿಗೆ ಬರುವ ಮುಂಚೆ ಸೆರಗು ಸರಿಮಾಡಿಕೊಳ್ಳುತ್ತಿದ್ದವಳು ಈಗ ನಿಮ್ಮದೇ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ, ಬೇಕಾದರೆ ಸಿಟ್ಟು ಮಾಡಿಕೊಳ್ಳಿ. ನಿಮಗೆ ತಿಳಿಸಲೇಬೇಕಾದ ಒಂದು ಸುದ್ದಿ ಇದೆ. ಒಂದೇ ಸಾಲಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ನೀವು ನಂಬುತ್ತೀರಾ? ಯಾವ ಪಿನ್ನು ಹಾಕಿದೆ, ಯಾವ ಎಣ್ಣೆ ಬಿಟ್ಟೆ, ಮೇಜು ಮಟ್ಟವಾಗಿತ್ತೇ ಎಂದು ಶುರುಮಾಡುತ್ತೀರಿ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ಜಗಳೂರಿನಿಂದ ಮದುವೆಯಾಗಿ ಬಂದ ವಾರದಲ್ಲೇ ನೀವು ಪಡಸಾಲೆಯಲ್ಲಿ ಒಂದು ಖಾಕಿ ಚೀಲ ಬಿಚ್ಚಿ ಕೂತಿದ್ದು ನೆನಪಿದೆ. ಅದರಿಂದ ಒಂದೊಂದೇ ಹೊರಗೆ ಬಂತು. ಬಡಗಿಯ ರಸಮಟ್ಟ, ಸಣ್ಣದೊಂದು ದೊಡ್ಡದೊಂದು ತಿರುಪುಳಿ, ಹೊಲಿಗೆ ಮಿಷನ್ನಿನ ಎಣ್ಣೆ ಬುಡ್ಡಿ, ಹಳೇ ರೇಷ್ಮೆ ಪಂಚೆಯ ತುಂಡು, ಬಣ್ಣ ಹಚ್ಚುವ ಮೆತ್ತನೆಯ ಕುಂಚ, ನಿಮ್ಮ ಜೇಬು ಗಡಿಯಾರ, ಒಣಗಿದ ಅಡಿಕೆ ಹಾಳೆಯ ಚೂರುಗಳು. ಕೊನೆಗೆ ತಗಡಿನ ಪುಟ್ಟ ಡಬ್ಬಿ. ಗಡಿಯಾರ ರಿಪೇರಿಯವರಿಗೆ ಹಾಳೆ ಚೂರು ಯಾಕೆ ಎಂದು ನನಗೆ ಕುತೂಹಲ. ಬಾಗಿಲ ಹಿಂದೆ ನಿಂತು ನಿಮ್ಮ ಮಗನನ್ನು ಕೇಳಿದೆ. ಅವರಿಗೆಲ್ಲಿ ಗೊತ್ತಿತ್ತು? ನೀವೇ ತಲೆಯೆತ್ತದೆ ಹೇಳಿದಿರಿ.

"ಗ್ರಾಮಫೋನು ಯಾರು ಬೇಕಾದ್ರೂ ಕೊಳ್ತಾರೆ ಕಣವ್ವ. ಅದನ್ನ ಕೂರ್ಸಾಕೆ ಬರಬೇಕು."

ಕೂರಿಸುವುದು ಅಂದರೆ ಏನು ಎಂದು ಕಲಿತಿದ್ದು ಕೆರೆಬಿಳಚಿಯಲ್ಲಿ. ಆ ಅಡಿಕೆ ವ್ಯಾಪಾರಿ ಸಾಹೇಬರ ಮನೆಯಲ್ಲಿ ಗ್ರಾಮಫೋನು ಪೆಟ್ಟಿಗೆ ಇಡಬೇಕಾಗಿದ್ದು ಹೆಂಗಸರ ಕೋಣೆಯಲ್ಲಿ. ನೀವು ಪರದೆ ದಾಟುವ ಹಾಗಿಲ್ಲ, ಅವರು ಹೊರಗೆ ಬರುವ ಹಾಗಿಲ್ಲ. ಅದಕ್ಕೇ ನನ್ನನ್ನು ಕರೆದುಕೊಂಡು ಹೋಗಿದ್ದಿರಿ. ಜಗುಲಿಯಲ್ಲಿ ಕೂತು ನೀವು ಹೇಳುವುದು, ಒಳಗೆ ನಾನು ಮಾಡುವುದು. ಮೊದಲು ಮೇಜು, ಆಮೇಲೆ ಪೆಟ್ಟಿಗೆ. ರಸಮಟ್ಟದ ಗುಳ್ಳೆ ನಡುವೆ ನಿಲ್ಲುವ ತನಕ ಮೇಜಿನ ಕಾಲಿನ ಕೆಳಗೆ ಹಾಳೆ ಚೂರು ತುರುಕಬೇಕು. ಹಾಡಿನ ತಟ್ಟೆಯ ಅಂಚಿಗೆ ಕಾಗದ ಸಿಕ್ಕಿಸಿ, ಗಡಿಯಾರ ನೋಡುತ್ತ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಎಣಿಸಬೇಕು. ಎಲ್ಲ ಆಯಿತು ಎಂದು ಹಾಡು ಹಚ್ಚಿದರೆ ಹೊರಗಿನಿಂದ ನಿಮ್ಮ ದನಿ: ಎಡಗಾಲು ತಗ್ಗೈತೆ, ಇನ್ನೊಂದು ಚೂರು ಇಡು. ನೋಡಿದರೆ ನಿಜವಾಗಿಯೂ ತಗ್ಗಾಗಿತ್ತು. ಗೋಡೆಯಾಚೆ ಕೂತವರಿಗೆ ಅದು ಹೇಗೆ ತಿಳಿಯಿತು ಎಂದು ಆ ಮನೆಯ ಹಿರಿಯ ಹೆಂಗಸು ನನ್ನನ್ನು ಮೂರು ಸಲ ಕೇಳಿದರು. ನನಗಾದರೂ ಗೊತ್ತಿದ್ದರಲ್ಲವೇ ಹೇಳುವುದಕ್ಕೆ.

ಅಲ್ಲೇ ಒಂದು ತಮಾಷೆಯೂ ಆಯಿತು. "ತಟ್ಟೆಗೊಂದು ಹೊಸ ಮುಳ್ಳು ಹಾಕು" ಎಂದು ನೀವು ಕೂಗಿದಿರಿ. ಒಳಗಿದ್ದ ಹೆಂಗಸರು ಹಾಡಿಗೂ ಮುಳ್ಳಿಗೂ ಏನು ಸಂಬಂಧವೆಂದು ನೆಲ ನೋಡಿದರು. ತಟ್ಟೆಯ ಗೆರೆಯಲ್ಲಿ ಓಡಿ ಹಾಡು ಹೊರಡಿಸುವ ಉಕ್ಕಿನ ಮೊನೆ ಅದು, ಊರಿಗೆಲ್ಲ ಪಿನ್ನು, ಇಲ್ಲವೆಂದರೆ ಸೂಜಿ. ನಿಮಗೊಬ್ಬರಿಗೇ ಮುಳ್ಳು. ಹುಟ್ಟಿದಾಗಿನಿಂದ ಗಡಿಯಾರದ ಗಂಟೆಮುಳ್ಳು, ನಿಮಿಷದ ಮುಳ್ಳು ಎಂದೇ ಪಳಗಿದ ಬಾಯಿ. ಡಬ್ಬಿಯಲ್ಲಿನ ಉಕ್ಕಿನ ಪಿನ್ನಿಗೂ ಅದೇ ಹೆಸರು ಬಂತು. ನಿಮ್ಮ ಜೊತೆ ತಿರುಗಿ ತಿರುಗಿ ನನ್ನ ಬಾಯಿಗೂ ಅದೇ ಅಂಟಿಕೊಂಡಿತು. ಈ ಮಾತು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಸಾಸ್ವೆಹಳ್ಳಿಯಲ್ಲಿ ಒಂದು ಪೆಟ್ಟಿಗೆ ಕೂರಿಸಿ ಗಾಡಿಯಲ್ಲಿ ಬರುವಾಗ, ನಾನು ಕೇಳದೇ ಇದ್ದರೂ ನೀವೇ ನಿಮ್ಮ ತಂಗಿ ನೀಲವ್ವನ ಕತೆ ತೆಗೆದಿರಿ. ಚನ್ನಗಿರಿಗೆ ಬರುವ ಮುಂಚೆ ನ್ಯಾಮತಿಯಲ್ಲಿ ನಿಮ್ಮದು ಮೇಗಳಮನೆ, ದೊಡ್ಡ ಹೆಸರು. ಆ ಮನೆಯ ಹುಡುಗಿ ಹಾಡಿನ ಹುಚ್ಚು ಹಿಡಿದು ನಾಟಕ ಕಂಪನಿ ಸೇರಲು ಹೊರಟಾಗ, ಹೊಸಿಲಲ್ಲಿ ನಿಂತು ನೀವು ಹೇಳಿದ ಮಾತನ್ನು ಗಾಡಿಯಲ್ಲಿ ಮತ್ತೆ ಹೇಳಿದಿರಿ. "ಇನ್ಮೇಲೆ ನಿನ್ನ ಬಾಯಾಗೆ ಮೇಗಳಮನೆ ಅನ್ನೋ ಹೆಸರು ಬರಬಾರದು ಅಂದೆ. ಆಗ್ಲಣ್ಣಾ ಅಂದ್ಲು, ಹೋದ್ಲು." ಯಾವುದೋ ಊರಿನ ಕ್ಯಾಂಪಿನಲ್ಲಿ ಜ್ವರದಿಂದ ಆಕೆ ತೀರಿಕೊಂಡ ಸುದ್ದಿ ನಿಮಗೆ ತಲುಪುವಾಗ ಎರಡು ತಿಂಗಳು ಕಳೆದಿತ್ತಂತೆ. ಇಷ್ಟನ್ನೂ ನೀವು ಎತ್ತಿನ ಬೆನ್ನು ನೋಡುತ್ತ ಹೇಳಿದಿರಿ.

ನೀಲವ್ವ ಹಾಡಿದ ತಟ್ಟೆ ನಿಮಗೆ ಸಿಕ್ಕಿದ್ದು ಹೊನ್ನಾಳಿಯಲ್ಲಿ. ಯಾರದೋ ಮನೆಯಲ್ಲಿ ಪೆಟ್ಟಿಗೆ ಕೂರಿಸಿ, ಪರೀಕ್ಷೆಗೆಂದು ಕೈಗೆ ಸಿಕ್ಕಿದ ತಟ್ಟೆ ಹಾಕಿದರೆ ಮೊದಲ ಸಾಲಿಗೇ ತಂಗಿಯ ದನಿ. ಮೇಲಿನ ಚೀಟಿಯಲ್ಲಿ ಮಿಸ್ ನೀಲಾಂಬರಿ ಎಂದಿತ್ತು, ಊರಿಲ್ಲ, ಮನೆಯಿಲ್ಲ. ಆ ಮನೆಯವರು ತಿಂಗಳಿಗೊಂದು ಪಿನ್ನಿನಲ್ಲಿ ತಿರುಗಿಸಿ ತಿರುಗಿಸಿ ಅದನ್ನು ಸವೆಸಿಬಿಟ್ಟಿದ್ದರು. ಕರಕರ ಅನ್ನುತ್ತದೆ, ಬೇಕಾದರೆ ಒಯ್ಯಿರಿ ಎಂದು ಕೊಟ್ಟೇಬಿಟ್ಟರು. ಹಾಡು ಹೇಗೋ ಕೇಳುತ್ತಿತ್ತು. ಆದರೆ ಹಾಡು ಮುಗಿದ ಮೇಲೆ ಹಾಡಿದವರು ತಮ್ಮ ಹೆಸರು ತಾವೇ ಹೇಳುವುದು ಹಳೇ ತಟ್ಟೆಗಳ ರೂಢಿಯಲ್ಲವೇ? ನೀಲವ್ವನೂ ಏನೋ ಹೇಳಿದ್ದರು. ನಾಲ್ಕೈದು ಮಾತು. ತಟ್ಟೆಯ ಒಳಗಿನ ಅಂಚು ತಲುಪುವಾಗ ಉಕ್ಕಿನ ಪಿನ್ನು ಮೊಂಡಾಗಿರುತ್ತದೆ, ಅಲ್ಲೇ ಸವೆತ ಹೆಚ್ಚು. ಅಷ್ಟೂ ಮಾತು ಕರಕರದಲ್ಲಿ ಮುಚ್ಚಿಹೋಗಿತ್ತು. ಇನ್ನೆರಡು ಸಲ ತಿರುಗಿಸಿದರೆ ಉಳಿದಿದ್ದೂ ಹೋಗುತ್ತದೆಂದು ನೀವು ಅದನ್ನು ರೇಷ್ಮೆ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿರಿ.

ಒಂದು ಮಧ್ಯಾಹ್ನ ನೀವು ಹೊನ್ನಾಳಿಗೆ ಹೋಗಿದ್ದಾಗ ನಾನು ಟ್ರಂಕು ತೆಗೆದೆ. ಇಷ್ಟು ವರ್ಷವಾದ ಮೇಲೆ ಒಪ್ಪಿಕೊಳ್ಳುವುದರಲ್ಲಿ ಏನಿದೆ? ತಡೆದುಕೊಳ್ಳಲು ಆಗಲಿಲ್ಲ. ಏನು ಹೇಳಿರಬಹುದು, ಸುಳ್ಳು ಹೆಸರೋ, ಶಾಪವೋ... ನಮ್ಮ ಮನೆಯ ಪೆಟ್ಟಿಗೆಗೆ ಹೊಸ ಪಿನ್ನು ಹಾಕಿ ಕೊನೆಯ ಎರಡು ಬೆರಳಗಲ ಮಾತ್ರ ತಿರುಗಿಸಿದೆ. "ನಾ" ಎಂದಿದ್ದು ಕೇಳಿತು, ಆಮೇಲೆ ಬರೀ ಕರಕರ. ಸುತ್ತಿಟ್ಟಿದ್ದು ನಿಮ್ಮ ಮಡಿಕೆಯ ಹಾಗಿರಲಿಲ್ಲ, ನಿಮಗೆ ಗೊತ್ತಾಗಿಹೋಯಿತು. ಮೂರನೆಯ ದಿನ ಊಟಕ್ಕೆ ಬಡಿಸುವಾಗ ಅನ್ನದ ತಟ್ಟೆ ನೋಡುತ್ತಲೇ ಕೇಳಿದಿರಿ.

"ಕೇಳಿಸ್ತಾ? ಬೈದ್ಲಾ?"

ಕೇಳಿಸಲಿಲ್ಲ ಮಾವ ಎಂದೆ. ನೀವು ಅನ್ನ ಕಲಸಿದಿರಿ, ಆದರೆ ಬಾಯಿಗಿಡಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆಂದು ತಿಳಿದಿರಿ, ಅಲ್ಲವೇ? ಬೈದಿದ್ದನ್ನು ಸೊಸೆ ಮುಚ್ಚಿಡುತ್ತಿದ್ದಾಳೆ ಎಂದು.

ಆಮೇಲೆ ಯುದ್ಧ ಬಂತು, ಅಂಗಡಿಗಳಲ್ಲಿ ಪಿನ್ನು ಮಾಯವಾಯಿತು. ಜನ ಹಳೇ ಪಿನ್ನನ್ನೇ ಸಾಣೆಕಲ್ಲಿಗೆ ಉಜ್ಜಿ ಹಾಕತೊಡಗಿದರು. ಉಜ್ಜಿದ ಪಿನ್ನು ಉಳಿ ಇದ್ದ ಹಾಗೆ, ತಟ್ಟೆಯನ್ನೇ ಕೆತ್ತಿಬಿಡುತ್ತದೆ ಎಂದು ನೀವು ಕಂಡವರನ್ನೆಲ್ಲ ಬೈದಿರಿ. ಕೊನೆಯ ಕಾಯಿಲೆಯಲ್ಲಿ ಒಮ್ಮೆ ಟ್ರಂಕಿನ ಕಡೆ ಕೈ ತೋರಿಸಿ, ಬೇಡ ಎಂದು ಕೈಯಾಡಿಸಿದಿರಿ. ಹಾಗೇ ಹೋದಿರಿ.

ಹೋದ ವರ್ಷ ಜಗಳೂರಿನಲ್ಲಿ ನನ್ನ ಅಣ್ಣ ಯಾರಿಂದಲೋ ಹಳೆಯ ಪೆಟ್ಟಿಗೆ ತಂದ. ಹೇಗೆ ಕೂರಿಸಬೇಕೆಂದು ಅತ್ತಿಗೆ ತಿಪ್ಪಕ್ಕ ಕಾಗದ ಹಾಕಿಸಿದಳು. ನಾನು ನಿಮ್ಮ ಮಾತುಗಳನ್ನೇ ಬರೆದು ಕಳಿಸಿದೆ. ಮೊದಲು ಮೇಜು, ಆಮೇಲೆ ಪೆಟ್ಟಿಗೆ. ತಟ್ಟೆಗೊಂದು ಹೊಸ ಮುಳ್ಳು. ಹಳೇ ಮುಳ್ಳು ಮತ್ತೆ ಹಾಕಬಾರದು. ಈಚೆಗೆ ಅವರ ಮಗುವಿಗೆ ಹೆಸರಿಡಲು ಹೋಗಿ ನೋಡಿದರೆ, ಪೆಟ್ಟಿಗೆಯ ಪಕ್ಕದಲ್ಲಿ ಮೊರದ ತುಂಬ ಜಾಲಿ ಮುಳ್ಳು! ಪಿನ್ನು ಸಿಕ್ಕಿಸುವ ತೂತಿಗೆ ಬೆಳ್ಳನೆಯ ಒಂದು ಮುಳ್ಳು ಸಿಕ್ಕಿಸಿ ತಿರುಪು ಬಿಗಿದಿದ್ದಳು. ನಾನು ಹಣೆ ಚಚ್ಚಿಕೊಂಡೆ. ಅವಳಿಗೆ ನನ್ನ ಮೇಲೇ ಆಶ್ಚರ್ಯ.

"ನೀನೇ ಬರ್ದಿದ್ಯಲ್ಲವ್ವ, ತಟ್ಟೆಗೊಂದು ಹೊಸ ಮುಳ್ಳು ಅಂತ. ಇಲ್ಲಿ ಮುಳ್ಳಿಗೇನು ಬರ? ಬೇಲಿ ತುಂಬ ಐತೆ."

ನಗುವ ಮುಂಚೆ ಹಾಡು ಶುರುವಾಯಿತು, ನಾನು ಪೆಟ್ಟಿಗೆಯ ಹತ್ತಿರ ಬಗ್ಗಿ ಕಿವಿಯಿಟ್ಟೆ. ದನಿ ಸಣ್ಣದು, ಆದರೆ ಕರಕರ ಅರ್ಧಕ್ಕರ್ಧ ಇಲ್ಲ! ಮುಳ್ಳು ಮೆತ್ತಗಿನದು, ತಟ್ಟೆಯನ್ನು ಕೆರೆಯುವ ಬದಲು ತಾನೇ ಸವೆಯುತ್ತದೆ. ಇದು ನಿಮಗೆ ಹೊಳೆಯಲಿಲ್ಲವೇ? ಹೊಳೆಯುವುದಾದರೂ ಹೇಗೆ, ನಿಮ್ಮ ಮುಳ್ಳು ಉಕ್ಕಿನದಲ್ಲವೇ. ನಿಮ್ಮ ಬಾಯಿಯ ರೂಢಿ, ನನ್ನ ಕಾಗದ, ತಿಪ್ಪಕ್ಕನ ಬೇಲಿ, ಮೂರೂ ಸೇರಿ ಹೀಗಾಯಿತು. ಊರಿಗೆ ಬರುವಾಗ ಒಂದು ಸೇರು ಮುಳ್ಳು ಕಟ್ಟಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವರು ಏನಮ್ಮ ಇದು ಎಂದು ಕೇಳಿದರೆ ಹಾಡಿಗೆ ಎಂದೆ. ಅವರು ಸ್ವಲ್ಪ ದೂರ ಸರಿದು ಕೂತರು.

ಒಂದು ತಿಂಗಳು ಬೇಡದ ತಟ್ಟೆಗಳ ಮೇಲೆ ಪರೀಕ್ಷೆ ಮಾಡಿದೆ, ನಿಮ್ಮ ಸೊಸೆಯಲ್ಲವೇ. ಗಿಡದಲ್ಲೇ ಒಣಗಿದ ಮುಳ್ಳಾಗಬೇಕು, ಹಸಿಯದು ಬಾಗುತ್ತದೆ. ಬುಡವನ್ನು ತೂತಿನ ಅಳತೆಗೆ ಕತ್ತರಿಸಬೇಕು, ತುದಿಯನ್ನು ಮರಳುಕಾಗದದಲ್ಲಿ ಒಂದೇ ಸಲ ಉಜ್ಜಬೇಕು. ಇಷ್ಟು ಕೈ ಕೂತ ಮೇಲೆ ಹೋದ ಶುಕ್ರವಾರ ಮಧ್ಯಾಹ್ನ ಟ್ರಂಕು ತೆಗೆದೆ. ಮೇಜಿನ ಕೆಳಗೆ ಹಾಳೆ ಚೂರು ಇಟ್ಟೆ, ಗುಳ್ಳೆ ನಡುವೆ ನಿಂತಿತು, ಎಪ್ಪತ್ತೆಂಟು ಎಣಿಸಿದೆ, ತಟ್ಟೆಯ ಸಂದಿಯ ಧೂಳನ್ನು ಕುಂಚದಲ್ಲಿ ತೆಗೆದೆ. ಹಾಡಿನ ಕೊನೆಯ ಸಾಲಿಗೆ ಮುಳ್ಳು ಇಳಿಸಿದೆ.

ಕೇಳಿಸಿತು ಮಾವ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನಿಮ್ಮ ಮಗ ಊಟಕ್ಕೆ ಬಂದಾಗ ಏನೂ ಹೇಳದೆ, ಹೊಸ ಮುಳ್ಳು ಹಾಕಿ ಅಷ್ಟನ್ನೇ ಕೇಳಿಸಿದೆ. ಹಾಡೆಲ್ಲ ಒಂದೇ ಎನ್ನುವ ಮನುಷ್ಯ ಅವರು. ಅವರೂ ಅದೇ ಮಾತನ್ನು ಅಕ್ಷರ ಬಿಡದೆ ಹೇಳಿ, ಕೈ ತೊಳೆಯುವುದನ್ನೂ ಮರೆತು ನಿಂತರು. ನೀಲವ್ವ ಮಿಸ್ ನೀಲಾಂಬರಿ ಎಂದಿಲ್ಲ. ಹಾಡು ಮುಗಿಸಿ, ಉಸಿರು ಎಳೆದುಕೊಂಡು, ಅವಸರವಾಗಿ ಹೇಳಿದ್ದಾರೆ:

"ನಾನು ನ್ಯಾಮ್ತಿ ಗಡಿಯಾರದ ಸಿದ್ದಣ್ಣನ ತಂಗಿ, ನೀಲಿ."

ನೀವು ಬೇಡವೆಂದಿದ್ದು ಮನೆಯ ಹೆಸರನ್ನು. ಅದನ್ನು ಅವರು ಹೇಳಿಲ್ಲ, ಕೊಟ್ಟ ಮಾತು ನಡೆಸಿದ್ದಾರೆ. ಹೇಳಿದ್ದು ನಿಮ್ಮ ಹೆಸರು. ತಟ್ಟೆಯನ್ನು ನಿಮ್ಮ ಮಡಿಕೆಯಲ್ಲೇ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ, ಇನ್ನು ತಿರುಗಿಸುವುದಿಲ್ಲ. ಅವತ್ತು ಊಟದ ಮುಂದೆ ಕೂತು ನೀವು ಕೇಳಿದ್ದಕ್ಕೆ ಇವತ್ತು ಉತ್ತರ ಹೇಳುತ್ತಿದ್ದೇನೆ.

ಬೈದಿಲ್ಲ ಮಾವ.

ನಿಮ್ಮ ಸೊಸೆ
ಪಾರ್ವತಿ