ಕಾರ್ಡಿನ ಮೇಲೆ ಭಂಡಾರ

ಗಡಹಿಂಗ್ಲಜ,
೩ ನವೆಂಬರ್ ೧೯೭೭

ಪ್ರೀತಿಯ ಮಗ ಕೃಷ್ಣಾತನಿಗೆ ಅಪ್ಪ ಧೋಂಡಿಬಾನ ಆಶೀರ್ವಾದ.

ಪಠಾಣಕೋಟದಲ್ಲಿ ಈಗ ಚಳಿ ಶುರುವಾಗಿರಬೇಕು. ಮೊಣಕಾಲಿನ ನೋವು ಹೇಗಿದೆ? ಪರೇಡಿನಲ್ಲಿ ಹಲ್ಲು ಕಚ್ಚಿ ನಿಲ್ಲಬೇಡ, ಪಲ್ಟನ್ನಿನ ಡಾಕ್ಟರಿಗೆ ತೋರಿಸು. ನಾವೆಲ್ಲ ಆರಾಮ. ಕಪ್ಪು ಕುರಿ ಅವಳಿ ಮರಿ ಹಾಕಿದೆ.

ನಿನ್ನ ಹೆಂಡತಿ ಮಂಗಲಳನ್ನು ಆ ಕಾರ್ಡು ತೂತು ಹೊಡೆಯುವ ಕೆಲಸ ಬಿಡಿಸಿ ಊರಿಗೆ ಕರೆತನ್ನಿ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದ ಮೇಲೆ ನಿನ್ನ ಅವ್ವ ಬೀರವ್ವ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಖಂಡೆ ನವಮಿಯ ದಿನವೇ ಕೊಲ್ಹಾಪುರದ ಬಸ್ಸು ಹತ್ತಿಸಿ ತಾನೂ ಹತ್ತಿದಳು. ಮಂಗಲಳ ಆಫೀಸು ಒಂದು ಚಹಾದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಸಕ್ಕರೆ ಕಾರ್ಖಾನೆಯ ರೈತರಲ್ಲಿ ಯಾರ ಕಬ್ಬು ಎಷ್ಟಿದೆ, ಯಾವಾಗ ಕಡಿಯಬೇಕು ಎಂಬುದನ್ನೆಲ್ಲ ಅಲ್ಲಿನ ಹುಡುಗಿಯರು ಮಷೀನಿನ ಗುಂಡಿ ಒತ್ತಿ ದಪ್ಪ ಕಾಗದದ ಕಾರ್ಡುಗಳಲ್ಲಿ ತೂತಾಗಿ ಇಳಿಸುತ್ತಾರೆ. ಕಾರ್ಡುಗಳು ಪುಣೆಗೆ ಹೋಗುತ್ತವೆ. ಅಲ್ಲಿಯ ಕಂಪ್ಯೂಟರು ತೂತು ನೋಡಿಯೇ ಲೆಕ್ಕ ಹೇಳುತ್ತದಂತೆ.

ನಾವು ಹೋದಾಗ ಮಷೀನುಗಳ ಹತಾರ ಪೂಜೆ ಮುಗಿದಿತ್ತು. ಮಂಗಲ, ಉಳಿದ ಹುಡುಗಿಯರು ಎಲ್ಲ ಕೆಳಗೆ ಪೇಢೆ ಹಂಚುತ್ತಿದ್ದರು. ಮಷೀನುಗಳಿಗೆಲ್ಲ ಚೆಂಡುಹೂವಿನ ಮಾಲೆ, ಆದರೆ ಮರುದಿನ ಪುಣೆಗೆ ಹೊರಡಬೇಕಿದ್ದ ಕಾರ್ಡಿನ ಗಂಟಿಗೆ ಒಂದು ಹೂವೂ ಇಲ್ಲ. ನಿನ್ನ ಅವ್ವನಿಗೆ ತಡೆಯಲಾಗಲಿಲ್ಲ. ಕುರಿಹಿಂಡಿನ ಮೇಲೆ ತೂರುವಂತೆಯೇ ಮಡಿಲಿನ ಭಂಡಾರದ ಅರಿಶಿನವನ್ನು ಮುಷ್ಟಿಗಟ್ಟಲೆ ತೂರಿ, ಪೂಜೆಯ ಕಾಯಿನೀರನ್ನೂ ಚಿಮುಕಿಸಿಬಿಟ್ಟಳು. ಕಾರ್ಡುಗಳು ಉಬ್ಬಿದವು, ಒಂದಕ್ಕೊಂದು ಅಂಟಿದವು.

ಮೇಲಧಿಕಾರಿ ಅಣ್ಣಾಸಾಹೇಬರು ಓಡಿ ಬಂದು ತಲೆಯ ಮೇಲೆ ಕೈ ಹೊತ್ತರು. “ಏನ ಮಾಡಿದ್ರಿ ಬಾಯಿ! ಇವನ್ನ ಮಷೀನ ನುಂಗಂಗಿಲ್ಲ!” “ಯಾಕ ನುಂಗಂಗಿಲ್ರಿ, ದೇವರ ಪ್ರಸಾದ ಐತಿ” ಎಂದಳು ನಿನ್ನ ಅವ್ವ. ಅವರು ನಗದೆ, ಗದ್ದಲ ಕೇಳಿ ಮೇಲೆ ಬಂದ ಮಂಗಲಳ ಕಡೆ ತಿರುಗಿದರು. “ನಾಳೆ ಮುಂಜಾನೆ ಗಾಡಿಗಿ ಹೊಸ ಕಾರ್ಡ ಹೋಗಬೇಕು ಮಂಗಲಾ. ಹೋಗಲಿಲ್ಲಂದ್ರ ನೀನೂ ನಾಳೆಯಿಂದ ಬರಬ್ಯಾಡ.”

ನೋಡು ಮಗನೇ, ನಾವು ಕೇಳಲು ಹೋದದ್ದು ತಾನಾಗಿಯೇ ಸಿಗುತ್ತಿತ್ತು. ಕೈ ಹಿಡಿದು ಕರೆತಂದಿದ್ದರೆ ಮುಗಿಯುತ್ತಿತ್ತು. ಮಂಗಲ ನಮ್ಮಿಬ್ಬರ ಮುಖ ನೋಡಿದಳು. ಹೊಸ ಕಾರ್ಡು ತೆಗೆದುಕೊಂಡು ಮಷೀನಿನ ಮುಂದೆ ಕುಳಿತಳು. ಉಳಿದ ಹುಡುಗಿಯರೂ ಪೇಢೆ ಬಿಟ್ಟು ಬಂದು ಕುಳಿತರು. ನಿನ್ನ ಅವ್ವ ಗೋಡೆಗೆ ಒರಗಿ, ಸೊಸೆಯ ಬೆರಳು ಗುಂಡಿಗಳ ಮೇಲೆ ಓಡುವುದನ್ನೇ ನೋಡಿದಳು. ಆಮೇಲೆ ನೆಲದ ಮೇಲೆ ಕೂತು, ಒಂದೊಂದೇ ಕಾರ್ಡು ಬಿಡಿಸಿ, ಸೆರಗಿನಿಂದ ಒರೆಸಿ, ಅದನ್ನು ನೋಡಿ ಹೊಸದು ಹೊಡೆಯಲೆಂದು ಸೊಸೆಯ ಕೈಗೆ ಕೊಡತೊಡಗಿದಳು. “ಕುರಿ ಉಣ್ಣಿ ಕತ್ತರಸೋರ ಕೈ ಸೈತ ಹಿಂಗ ಓಡಂಗಿಲ್ಲ ನೋಡ್ರಿ” ಎಂದು ನನ್ನ ಕಿವಿಯಲ್ಲಿ ಅಂದಳು. ದೀಪ ಹಚ್ಚುವ ಹೊತ್ತಿಗೆ ಹೊಸ ಗಂಟು ಕಟ್ಟಿಯಾಯಿತು. ಅಣ್ಣಾಸಾಹೇಬರೇ ಚಹಾ ತರಿಸಿದರು.

ಮೈ ಬೆಚ್ಚಗಿಟ್ಟುಕೋ. ಬೀರದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಧೋಂಡಿಬಾ

ತಾ. ಕ.: ಅಂಚೆ ಹೊರಡುವ ಹೊತ್ತಾಯಿತು, ಮುಖ್ಯ ಮಾತೇ ಉಳಿದಿದೆ. ಮಂಗಲಳನ್ನು ನಾವು ಕರೆತರಲಿಲ್ಲ, ತರುವುದೂ ಇಲ್ಲ. “ಅವರು ಬ್ಯಾಡ ಅಂತಾರ್ರಿ ಅತ್ತಿ” ಎಂದು ಅವಳು ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ತುಂಬಿಕೊಂಡಾಗ, “ಅವಗ ನಾ ಹೇಳತೇನಿ, ನೀ ನಿನ್ನ ಕೆಲಸ ನೋಡ” ಎಂದವಳು ನಿನ್ನ ಅವ್ವ. ರಜೆಗೆ ಬಂದಾಗ ಗಡಹಿಂಗ್ಲಜದ ಬಸ್ಸು ಹತ್ತಬೇಡ, ಕೊಲ್ಹಾಪುರದಲ್ಲೇ ಇಳಿ. ಆಫೀಸು ಬಿಡುವುದು ಸಂಜೆಗೆ. ಅಲ್ಲಿಯವರೆಗೆ ಕೆಳಗಿನ ಚಹಾದ ಅಂಗಡಿಯಲ್ಲಿ ಕಾಯುತ್ತ ಕೂತಿರು.