ಸೊನ್ನೆ ನಿಮಿಷದ ಕೆಲಸಗಳು

ಜೂನ್ 2, ಬೆಳಿಗ್ಗೆ 9.40

ಪ್ಲಾಸ್ಟರ್ ಕಲಸಿ ಅಚ್ಚಿಗೆ ಸುರಿದಾಯಿತು. ಗಟ್ಟಿಯಾಗುವವರೆಗೆ ಬರೆಯಲು ಹತ್ತು ನಿಮಿಷ. ಫೋನಿನಲ್ಲಿ ಗಡಿಯಾರ ಓಡುತ್ತಿದೆ. ಮಗಳು ನಿನ್ನೆ ಹಾಕಿಕೊಟ್ಟ ಆ್ಯಪ್. ಕೆಲಸ ಹಿಡಿದಾಗ ಒತ್ತಬೇಕು, ಬಿಟ್ಟಾಗ ಒತ್ತಬೇಕು. ಯಾವ ಕೆಲಸ ಎಷ್ಟು ಹೊತ್ತು ತಿಂದಿತು ಎಂದು ಅದೇ ಬರೆದಿಡುತ್ತದಂತೆ. ಇನ್ನೊಂದು ಆ್ಯಪ್ ಲ್ಯಾಬಿನ ಗೋಡೆಗೆ ಹಾಕಿದ ಟ್ಯಾಬ್ಲೆಟ್ಟಿನಲ್ಲಿ. ಮಾಡಬೇಕಾದ ಕೆಲಸಗಳ ಲಿಸ್ಟು, ಮುಗಿದದ್ದಕ್ಕೆ ಟಿಕ್. ಎರಡೂ ಒಂದು ತಿಂಗಳು ಫ್ರೀ. ಮೂವತ್ತಕ್ಕೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬೇಕು.

ಮೂವತ್ತಕ್ಕೇ ಇನ್ನೊಂದು ತೀರ್ಮಾನವೂ ಇದೆ. ಜನವರಿಯಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿಯಿತು, ಒಳಗೆ ಪ್ಲೇಟ್ ಹಾಕಿದರು. ಈ ಕೈಯಲ್ಲಿ ಒಬ್ಬಳೇ ಲ್ಯಾಬ್ ನಡೆಸಬಲ್ಲೆನೇ? ದೊಡ್ಡ ಲ್ಯಾಬಿನವರು ಕೊಳ್ಳಲು ಸಿದ್ಧರಿದ್ದಾರೆ. ಮೂವತ್ತು ವರ್ಷ ಈ ಬೆಂಚಿನಲ್ಲೇ ಕೂತು ಜನರಿಗೆ ಹಲ್ಲಿನ ಸೆಟ್ ಮಾಡಿಕೊಟ್ಟಿದ್ದೇನೆ. ಕೊಡು ಎಂದರೆ ಕರುಳು ಕಿತ್ತುಬರುತ್ತದೆ. ಮಗಳು ಹೇಳುವುದು — ಮನಸ್ಸನ್ನು ಕೇಳಬೇಡ ಅಮ್ಮ, ಲೆಕ್ಕವನ್ನು ಕೇಳು. ವಾರಕ್ಕೆ ಎಂಟು ಸೆಟ್ ಆದರೆ ಇಟ್ಟುಕೋ. ಆಗದಿದ್ದರೆ ಕೊಟ್ಟುಬಿಡು.

ಗಡಿಯಾರ ನಿಲ್ಲಿಸಬೇಕು. ಮರೆಯುವ ಮೊದಲೇ...

ಜೂನ್ 3

ಮರೆತೆ. ‘ಕೆಳದವಡೆ, ಪ್ಲಾಸ್ಟರ್ — ಇಪ್ಪತ್ಮೂರು ಗಂಟೆ.’ ನನ್ನ ಊಟ, ಸ್ನಾನ, ಗೊರಕೆ ಎಲ್ಲ ಆ ದವಡೆಯ ಲೆಕ್ಕಕ್ಕೆ. ಒಂದು ಬಾಯಿಗಾಗಿ ಇಷ್ಟು ಕಷ್ಟಪಟ್ಟವರು ಭೂಮಿಯ ಮೇಲೆ ಬೇರೆ ಯಾರೂ ಇರಲಿಕ್ಕಿಲ್ಲ ಎಂದು ಮಗಳು ಬಿದ್ದುಬಿದ್ದು ನಕ್ಕಳು.

ಜೂನ್ 6

ಲಿಸ್ಟು ವಾಸಿ. ಒಂದು ಸೆಟ್ಟಿಗೆ ಒಂಬತ್ತು ಹಂತ: ಅಚ್ಚು ಸುರಿಯುವುದು, ಅಂಚು ಉಜ್ಜುವುದು, ಮೇಣ ಕಟ್ಟುವುದು, ಹಲ್ಲು ಜೋಡಿಸುವುದು... ಒಂಬತ್ತಕ್ಕೆ ಒಂಬತ್ತು ಟಿಕ್. ಪ್ರತಿ ಟಿಕ್ಕಿಗೂ ಟ್ಯಾಬ್ಲೆಟ್ ‘ಟಿಣ್’ ಎನ್ನುತ್ತದೆ. ನಿನ್ನೆ ‘ತಲೆ ಬಾಚಿಕೊಳ್ಳುವುದು’ ಎಂದೂ ಬರೆದೆ. ಬಾಚಿಕೊಂಡಾಗಿತ್ತು. ಟಿಣ್ ಕೇಳಲಿಕ್ಕೆ ಬರೆದದ್ದು.

ಜೂನ್ 12

ಅನೌನ್ಸರ್ ಅಜ್ಜ ಬಂದಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ ನಲವತ್ತು ವರ್ಷ ರೈಲುಗಳನ್ನು ಕೂಗಿದವರು. ಹಳೆಯ ಸೆಟ್ಟಿನಲ್ಲಿ ‘ಸ’ ಎಂದರೆ ಸೀಟಿ ಹೊಡೆಯುತ್ತಿತ್ತು. ಹೊಸದು ಹಾಕಿಕೊಂಡು ಕನ್ನಡಿ ಮುಂದೆ ನಿಂತು, ‘ಪ್ರಯಾಣಿಕರ ಗಮನಕ್ಕೆ’ ಎಂದು ಶುರುಮಾಡಿ ಒಂದು ರೈಲನ್ನು ಪೂರ್ತಿ ಹೊರಡಿಸಿಯೇ ಬಿಟ್ಟರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. ಈ ಕೆಲಸ ಬಿಟ್ಟರೆ ಇದೂ ಹೋಗುತ್ತದಲ್ಲ.

ಜೂನ್ 15

ಕಳೆದ ವಾರ ಒಂಬತ್ತು ಸೆಟ್! ಒಂಬತ್ತು! ಮಣಿಕಟ್ಟು ನೋಯುತ್ತದೆ, ನೋಯಲಿ. ದೊಡ್ಡ ಲ್ಯಾಬಿನವರಿಗೆ ‘ಆಗುವುದಿಲ್ಲ’ ಎನ್ನುವ ಮಾತನ್ನು ಎರಡು ಸಲ ಅಭ್ಯಾಸ ಮಾಡಿಕೊಂಡೆ.

ಜೂನ್ 17

ಮಗಳು ಎರಡೂ ಆ್ಯಪ್ ಪಕ್ಕಪಕ್ಕ ಇಟ್ಟು ನೋಡಿದಳು. ಲಿಸ್ಟಿನಲ್ಲಿ ಟಿಕ್ ಬಿದ್ದ ಇಪ್ಪತ್ತಾರು ಕೆಲಸಗಳಿಗೆ ಗಡಿಯಾರದಲ್ಲಿ ಸಮಯವೇ ಇಲ್ಲ. ಸೊನ್ನೆ ನಿಮಿಷ. ಒತ್ತುವುದಕ್ಕೆ ಮರೆತಿದ್ದೀ ಅಂದಳು. ಗಡಿಯಾರವೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಗೊಣಗುತ್ತ ಹೋದಳು. ಯಾರಿಂದ ಕಲಿತಳೋ ಈ ನಾಲಿಗೆ. ನನ್ನಿಂದಲೇ ಇರಬೇಕು.

ಜೂನ್ 19

ಎರಡು ದಿನದಿಂದ ಫೋನನ್ನು ದಾರದಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದೇನೆ. ಒಂದು ಸಲವೂ ಮರೆತಿಲ್ಲ. ಆದರೂ ಇವತ್ತು ನಾಲ್ಕು ಸೊನ್ನೆ.

ನೋವಿನ ಮಾತ್ರೆಯಿಂದ ತಲೆ ಮಂಕಾಗಿದೆಯೇ? ಮಾಡಿದ್ದನ್ನೇ ಮರೆಯುತ್ತಿದ್ದೇನೆಯೇ? ಹಾಗಾದರೆ ಲ್ಯಾಬ್ ಇಟ್ಟುಕೊಳ್ಳುವ ಮಾತೇ ಇಲ್ಲ. ಭಯವಾಯಿತು. ಮಗಳಿಗೆ ಹೇಳಲಿಲ್ಲ.

ಜೂನ್ 20

ಆ ನಾಲ್ಕನ್ನೂ ಹುಡುಕಿ ಕಿಟಕಿಯ ಬೆಳಕಿಗೆ ಹಿಡಿದೆ. ಮೇಣದ ವಸಡು. ಚಾಕು ಎಳೆದ ಸಣ್ಣ ಗೆರೆಗಳು ಎಡಕ್ಕೆ ವಾಲಿವೆ. ನನ್ನವು ಬಲಕ್ಕೆ ವಾಲುತ್ತವೆ. ಬಲಗೈಯವರದ್ದೆಲ್ಲ ಹಾಗೇ.

ಈ ಕೆಲಸ ಬಲ್ಲ ಎಡಗೈ ನನಗೆ ಗೊತ್ತಿರುವುದು ಒಂದೇ. ನನಗೆ ಚಾಕು ಹಿಡಿಯಲು ಕಲಿಸಿದ್ದೂ ಅದೇ ಕೈ.

ಅಕ್ಕ.

ಇಪ್ಪತ್ತಾರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾಲ್ಕು ವರ್ಷದ ಹಿಂದೆ ಅವಳು ಮಾಡಿದ ಸೆಟ್ ಒಂದು ಕೂರಲಿಲ್ಲ, ವಾಪಸ್ ಬಂತು. ಡಾಕ್ಟರ್ ಎದುರಿಗೇ ಅಂದುಬಿಟ್ಟೆ — ಕಣ್ಣು ಕಾಣದವರ ಕೈಲಿ ಹಲ್ಲು ಮಾಡಿಸಿದರೆ ಇನ್ನೇನಾಗುತ್ತೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಏಪ್ರನ್ ಬಿಚ್ಚಿ ಮಡಚಿಟ್ಟು ಮನೆಗೆ ಹೋದಳು. ಮನೆ ಅಂದರೆ ಎಲ್ಲಿ, ನನ್ನ ತಲೆಯ ಮೇಲೆಯೇ, ನಾನಿರುವ ಮನೆಯ ಮಹಡಿಯಲ್ಲಿ. ಅವತ್ತಿನಿಂದ ಅವಳ ಹೆಜ್ಜೆ ಸದ್ದು ಕೇಳುತ್ತೇನೆ, ಮಾತಿಲ್ಲ. ಏನಾದರೂ ಹೇಳುವುದಿದ್ದರೆ ಮಗಳೇ ಅಂಚೆಯವಳು.

ಲ್ಯಾಬಿನ ಇನ್ನೊಂದು ಬೀಗದ ಕೈ ಅವಳಲ್ಲೇ ಉಳಿದಿತ್ತು. ನಾನೂ ಕೇಳಿರಲಿಲ್ಲ. ನಾನು ಏಳುವ ಮೊದಲೇ ಬಂದು ಮಾಡಿಟ್ಟು ಹೋಗುತ್ತಿರಬೇಕು, ನಾನು ಅದನ್ನೇ ಹಿಂದಿನ ಸಂಜೆ ಮುಗಿಸಿದ್ದೆ ಎಂದುಕೊಂಡೆ.

ಜೂನ್ 21, ಬೆಳಿಗ್ಗೆ 6.15

ಎರಡು ಬೀದಿ ನಡೆದು ಲ್ಯಾಬಿನ ಕಿಟಕಿಯ ಹೊರಗೆ ನಿಂತೆ. ಒಳಗೆ ದೀಪ. ಅಕ್ಕ ನನ್ನ ಸ್ಟೂಲಿನ ಮೇಲೆ. ಮುಖದಲ್ಲಿ ಕನ್ನಡಕವಿಲ್ಲ. ಕೆಳದವಡೆಯ ಮೇಣ ಕೆತ್ತುತ್ತಿದ್ದಳು, ನಾಲಿಗೆಯ ತುದಿ ಹೊರಗಿಟ್ಟುಕೊಂಡು, ಚಿಕ್ಕಂದಿನಿಂದ ಮಾಡುವ ಹಾಗೆ. ಮುಗಿಸಿ ಎದ್ದಳು. ಬೆರಳಿಗೆಲ್ಲ ಮೇಣ, ಅದಕ್ಕೆ ಮೊಣಕೈಯಿಂದ ಟ್ಯಾಬ್ಲೆಟ್ ಮುಟ್ಟಿ ಟಿಕ್ ಹಾಕಿದಳು. ಟಿಣ್.

ಒಳಗೆ ಹೋಗಲು ಧೈರ್ಯ ಬರಲಿಲ್ಲ. ಬೀದಿಯಲ್ಲೇ ನಿಂತು ಅತ್ತೆ. ಹಾಲಿನವನು ಸೈಕಲ್ ನಿಲ್ಲಿಸಿ ಹಲ್ಲುನೋವಾ ಎಂದು ಕೇಳಿದ. ಹೌದು ಎಂದೆ.

ಅದೇ ದಿನ, ಸಂಜೆ

ಮಗಳನ್ನು ಕೇಳಿದೆ. ಹೋದ ವರ್ಷವೇ ದೊಡ್ಡಮ್ಮನ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ಕರೆದುಕೊಂಡು ಹೋದವಳು ಇವಳೇ. ನನಗೆ ಯಾಕೆ ಹೇಳಲಿಲ್ಲ ಎಂದರೆ, ‘ನೀನು ಒಂದಿನಾನಾದ್ರೂ ಕೇಳಿದ್ಯಾ ಅಮ್ಮ?’ ಅಂದಳು. ಬೆಳಗಿನ ಕೆಲಸದ ವಿಷಯ ಅವಳಿಗೂ ಹೊಸದು. ಅಕ್ಕ ವಾಕಿಂಗ್ ಎಂದು ಹೇಳಿ ಹೋಗುತ್ತಿದ್ದಳಂತೆ.

ಅಕ್ಕನ ಟಿಕ್ಕುಗಳನ್ನು ಕಳೆದು ನೋಡಿದೆವು. ನಾನೊಬ್ಬಳೇ ಆದರೆ ವಾರಕ್ಕೆ ಆರು ಸೆಟ್. ಅಂದರೆ ಕೊಟ್ಟುಬಿಡಬೇಕು. ಇಲ್ಲವೇ ಮಹಡಿ ಮೆಟ್ಟಿಲು ಹತ್ತಬೇಕು.

ಜೂನ್ 26

ನಾಲ್ಕು ದಿನ ಬರೆಯಲಿಲ್ಲ. ಮೂರು ಸಲ ಮೆಟ್ಟಿಲು ಹತ್ತಿದೆ. ಮೊದಲ ಸಲ ಅರ್ಧಕ್ಕೇ ಇಳಿದೆ. ಎರಡನೇ ಸಲ ಬಾಗಿಲು ತಟ್ಟಿ, ನಲ್ಲಿಯಲ್ಲಿ ನೀರು ಬರುತ್ತಿದೆಯಾ ಎಂದು ಕೇಳಿದೆ. ಬರ್ತಿದೆ ಅಂದಳು. ಮೂರನೇ ಸಲವೂ ನಲ್ಲಿಯನ್ನೇ ಕೇಳಿದೆ. ಅಕ್ಕ ನನ್ನನ್ನೇ ಒಂದು ಗಳಿಗೆ ನೋಡಿ, ಪ್ಲಂಬರ್‌ನ ಕರೆಸೋಣ್ವಾ ಅಂದಳು.

ದಿನಾ ಬೆಳಿಗ್ಗೆ ನಾಲ್ಕು ಟಿಕ್ ಮಾತ್ರ ತಪ್ಪುತ್ತಿಲ್ಲ. ನನಗೆ ಹೇಳಬೇಕೆಂದಲ್ಲ, ಹೊಗಳಿಸಿಕೊಳ್ಳಬೇಕೆಂದೂ ಅಲ್ಲ. ಮುರಿದ ಕೈಗೆ ಭಾರದ ಹಂತಗಳನ್ನೇ ಆರಿಸಿ ಮಾಡುತ್ತಿದ್ದಾಳೆ. ಇಂಥ ಅಕ್ಕನನ್ನು ಪಡೆಯಲು ನಾನೇನು ಪುಣ್ಯ ಮಾಡಿದ್ದೆ? ಏನೂ ಮಾಡಿಲ್ಲ, ಅದೇ ಸತ್ಯ.

ಜೂನ್ 28, ಸಂಜೆ 6

ನಾಳಿದ್ದು ಮೂವತ್ತು. ಲ್ಯಾಬ್ ಮುಚ್ಚುವ ಮುಂಚೆ ನಾಳೆಯ ಲಿಸ್ಟು ಬರೆದೆ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ — ‘ಅಕ್ಕನ ಹತ್ತಿರ ಕ್ಷಮೆ ಕೇಳುವುದು.’ ಬರೆದದ್ದನ್ನು ಮಾಡದೇ ಬಿಡುವವಳಲ್ಲ ನಾನು, ಅದಕ್ಕೆ.

ರಾತ್ರಿ 8

ಉಣ್ಣುವಾಗ ಹೊಳೆಯಿತು. ಬೆಳಿಗ್ಗೆ ಆ ಲಿಸ್ಟನ್ನು ಮೊದಲು ಓದುವವಳು ಅಕ್ಕ! ಹೋಗಿ ಅಳಿಸಲೇ? ಚಪ್ಪಲಿ ಹಾಕಿಕೊಂಡೆ. ಬಿಚ್ಚಿದೆ.

ಜೂನ್ 29, ಬೆಳಿಗ್ಗೆ 8.30

ಬಾಗಿಲು ತೆರೆದೇ ಇತ್ತು. ಸೀದಾ ಟ್ಯಾಬ್ಲೆಟ್ ಹತ್ತಿರ ಹೋದೆ. ಅಚ್ಚು, ಅಂಚು, ಮೇಣ, ಮೇಣ — ನಾಲ್ಕು ಟಿಕ್. ಎಲ್ಲಕ್ಕಿಂತ ಕೆಳಗೆ, ಕೊನೆಯ ಸಾಲಿಗೆ ಐದನೆಯದು. ಗಾಜಿನ ಮೇಲೆ ಪ್ಲಾಸ್ಟರ್ ಬೆರಳಿನ ಗುರುತು. ಅದಕ್ಕೆ ಮೊಣಕೈ ಬಳಸಿರಲಿಲ್ಲ.

ಅಕ್ಕ ಸ್ಟೂಲಿನಿಂದ ಎದ್ದಿರಲಿಲ್ಲ. ಕೊನೆಯ ಸಾಲಿನ ಕಡೆ ಬೆರಳು ತೋರಿಸಿ ಬಾಯಿ ತೆರೆದೆ.

‘ಅದು ಮುಗೀತು,’ ಅಂದಳು, ಮೇಣದಿಂದ ಕಣ್ಣೆತ್ತದೆ. ‘ನಿನಗೇ ಬಿಟ್ಟಿದ್ರೆ ಇನ್ನೂ ನಾಲ್ಕು ವರ್ಷ ನಲ್ಲಿ ವಿಚಾರಿಸ್ತಿದ್ದೆ.’

ಆದರೂ ಕೇಳಿದೆ. ಬಾಯಿಬಿಟ್ಟು, ಡಾಕ್ಟರ್ ಎದುರು ಆಡಿದ ಮಾತನ್ನು ಪೂರ್ತಿ ಹೇಳಿ, ತಪ್ಪಾಯ್ತು ಎಂದೆ. ಅಕ್ಕ ಚಾಕು ಕೆಳಗಿಟ್ಟು, ನನ್ನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಮಣಿಕಟ್ಟು ಒತ್ತತೊಡಗಿದಳು. ನನ್ನ ಏಪ್ರನ್ ಅವಳ ಮೈಮೇಲಿತ್ತು. ತನ್ನದು ಎಲ್ಲಿ ಎಂದು ಕೇಳಿದಳು. ನಾಲ್ಕು ವರ್ಷದಿಂದ ಕೆಳಗಿನ ಡ್ರಾಯರ್‌ನಲ್ಲೇ ಇದೆ, ಅವಳು ಮಡಚಿಟ್ಟ ಮಡಿಕೆಯಲ್ಲೇ.

ಜೂನ್ 30, ಬೆಳಿಗ್ಗೆ 9.20

ದೊಡ್ಡ ಲ್ಯಾಬಿನವರಿಗೆ ಫೋನ್ ಮಾಡಿ ಆಗುವುದಿಲ್ಲ ಎಂದೆ. ಅಭ್ಯಾಸ ಮಾಡಿದ್ದಕ್ಕೆ ಸಲೀಸಾಗಿ ಬಂತು.

ಇಟ್ಟುಕೊಂಡದ್ದು ಲಿಸ್ಟು. ಗಡಿಯಾರವನ್ನು ತೆಗೆಯಲು ಮಗಳಿಗೆ ಹೇಳಿದೆ. ತೆಗೆಯುವ ಮುಂಚೆ ಒಂದು ಸಲ ನೋಡಿದೆ. ನಿನ್ನೆಯ ಕೊನೆಯ ಸಾಲಿಗೂ ಸೊನ್ನೆ ನಿಮಿಷ. ಪಾಪ, ಅದನ್ನು ಬೈದದ್ದೇ ಬೈದದ್ದು. ಆ ಸೊನ್ನೆಗಳನ್ನು ತೋರಿಸದೆ ಇದ್ದಿದ್ದರೆ ಎಲ್ಲ ನನ್ನದೇ ಕೈಚಳಕ ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಅದಕ್ಕೂ ಒಂದು ನಮಸ್ಕಾರ.

ಇವತ್ತಿನ ಲಿಸ್ಟು ಅಕ್ಕನೇ ಬರೆದಿದ್ದಾಳೆ. ಮೊದಲನೇ ಸಾಲು — ‘ತಂಗಿಯ ಡೈರಿ ಮುಚ್ಚಿಸುವುದು.’ ಪ್ಲಾಸ್ಟರ್ ಗಟ್ಟಿಯಾಗುತ್ತಿದೆಯಂತೆ, ಕರೆಯುತ್ತಿದ್ದಾಳೆ. ಒಂದೇ ನಿಮಿಷ ಅಕ್ಕ, ಈ ಒಂದು ಸಾಲು ಮುಗಿಸಿ