ನಿನ್ನ ಬೈಕು, ಪ್ರದೀಪನ ಹಾರ್ನು

ಅವರ್ಸಾ, ಅಂಕೋಲಾ ತಾಲೂಕು
18 ನವೆಂಬರ್ 2025, ಮಂಗಳವಾರ

ಪ್ರೀತಿಯ ಅಮಿತಾ,

ಹುಬ್ಬಳ್ಳಿಯಲ್ಲಿ ಚಳಿ ಶುರುವಾಯಿತಂತೆ, ಹೌದೋ? ಹಾಸ್ಟೆಲಿನ ಊಟ ಒಗ್ಗಿತೋ ಇಲ್ಲವೋ? ಮೀನಿಲ್ಲದೆ ಒಂದು ಹೊತ್ತು ಕಳೆಯದವಳು ಆರು ತಿಂಗಳ ತರಬೇತಿ ಹೇಗೆ ಮುಗಿಸುತ್ತಾಳೋ ಎಂದು ಆಯಿಗೆ ದಿನಾ ಅದೇ ಚಿಂತೆ. ಆಯಿಯ ಮಂಡಿನೋವು ಕಡಿಮೆಯಾಗಿದೆ, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ನಾನು ಆರಾಮ ಇದ್ದೇನೆ. ಹೊಟ್ಟೆಯಲ್ಲಿ ಸ್ವಲ್ಪ ಉರಿ ಇದೆ, ಅದು ಮೆಣಸಿನದಲ್ಲ, ಯಾವುದರದ್ದೆಂದು ಮುಂದೆ ಬರೆಯುತ್ತೇನೆ. ದಿನಾ ಫೋನ್ ಮಾಡುವವನು ಕಾಗದ ಯಾಕೆ ಬರೆದ ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ನಾನು ಬೈಕಿನ ಮಾತೆತ್ತಿದ ಕೂಡಲೇ ನೀನು ನಗುತ್ತೀ, ನಿನ್ನ ರೂಮಿನವರೂ ನಗುತ್ತಾರೆ, ಹೇಳಬೇಕೆಂದದ್ದು ನನ್ನ ಗಂಟಲಲ್ಲೇ ಉಳಿಯುತ್ತದೆ. ಕಾಗದವಾದರೆ ನೀನು ಕೊನೆಯವರೆಗೆ ಕೇಳಲೇಬೇಕು.

ನೀನು ಹೋದ ಮರುವಾರವೇ ಸೊಸೈಟಿಯವರು ನನ್ನನ್ನು ಅಂಕೋಲೆಯಿಂದ ಕಾರವಾರ ಶಾಖೆಗೆ ಹಾಕಿದರಲ್ಲ, “ಅಂಗಳದಲ್ಲಿ ನನ್ನ ಬೈಕ್ ಇರುವಾಗ ಬಸ್ಸಿಗೆ ಯಾಕೆ ಕಾಯುವುದು” ಎಂದವಳು ನೀನೇ. ಹೇಳುವುದು ಸುಲಭ. ಮೊದಲ ದಿನ ಸ್ಟಾರ್ಟ್ ಆಯಿತು, ಗೇರ್ ಹಾಕಿದೆ, ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಪೆಟ್ರೋಲ್ ನೋಡಿದೆ, ಪ್ಲಗ್ ನೋಡಿದೆ, ಬೈದೂ ನೋಡಿದೆ. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಆಯಿ, “ಅಮಿತಾ ಮೊದ್ಲು ಸ್ಟ್ಯಾಂಡ್ ಎತ್ತತಿತ್ತು, ಮಗಾ” ಎಂದಳು. ಸೈಡ್ ಸ್ಟ್ಯಾಂಡ್ ಎತ್ತದೆ ಗೇರ್ ಹಾಕಿದರೆ ಇಂಜಿನ್ ತಾನಾಗಿ ನಿಲ್ಲುವ ಹಾಗೆ ಕಂಪನಿಯವರೇ ಮಾಡಿಟ್ಟಿದ್ದಾರಂತೆ! ನಿನ್ನ ಬೈಕಿನ ಬಗ್ಗೆ ಆಯಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಅದರ ಚಾಕರಿ ಎಷ್ಟೆಂದು ತಿಳಿದದ್ದೂ ಈಗಲೇ. ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆಂದು ಪ್ರತಿ ಭಾನುವಾರ ನೀನು ಬಾವಿಯ ನೀರಿನಲ್ಲಿ ತೊಳೆದು, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಚೈನ್ ತಿಕ್ಕಿ, ಎಣ್ಣೆ ಬಿಟ್ಟು, ಚಕ್ರದ ಗಾಳಿ ನೋಡಿ, ಕೊನೆಗೆ ನನ್ನ ಒಳ್ಳೆಯ ಪಂಚೆಯನ್ನೇ ಅದಕ್ಕೆ ಹೊದಿಸುತ್ತಿದ್ದೆ. ನನಗೆ ಜ್ವರ ಬಂದಾಗಲೂ ನೀನು ಅಷ್ಟು ಹೊತ್ತು ಹತ್ತಿರ ಕೂತವಳಲ್ಲ. ಹೋದ ವಾರ ಚೈನ್ ಸದ್ದು ಮಾಡುತ್ತಿದೆಯೆಂದು ಗ್ಯಾರೇಜಿನ ಹುಲಿಯಾನಲ್ಲಿಗೆ ಹೋಗಿ, ಸ್ವಲ್ಪ ಬಿಗಿ ಮಾಡು ಎಂದೆ. “ಅಮಿತಕ್ಕನ ಕೇಳ್ದೆ ನಾ ಮುಟ್ಟೂದಿಲ್ಲ, ಸಾಯಿನಾಥಣ್ಣ” ಎಂದವನೇ ನನ್ನೆದುರೇ ನಿನಗೆ ಫೋನ್ ಹಚ್ಚಿದ. ಚೈನ್ ಎಷ್ಟು ಸಡಿಲ ಇರಬೇಕೆಂದು ನೀವಿಬ್ಬರೂ ಅಷ್ಟೆಲ್ಲ ಮಾತಾಡಿದಿರಿ. ಗಂಡ ಅಲ್ಲೇ ಇದ್ದಾನಾ, ಫೋನ್ ಕೊಡು ಎಂದು ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ.

ಇದನ್ನೆಲ್ಲ ನುಂಗಿಕೊಂಡೆ. ಪ್ರದೀಪನದ್ದು ಮಾತ್ರ ನುಂಗಲಾಗಲಿಲ್ಲ. ನೀನು ಕೆಲಸ ಮಾಡುವ ಕಾರವಾರದ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಆ ಅಂಕೋಲೆಯ ಪ್ರದೀಪನ ಹೆಸರು ಕೇಳಿದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಿನಗೆ ಗಾಡಿ ತೆಗೆದುಕೊಳ್ಳುವಾಗ ನಾನು ಕಾರವಾರದ ಶೋರೂಮುಗಳನ್ನೆಲ್ಲ ಸುತ್ತಿ, ಹಾಳೆಗಳನ್ನು ತಂದು ನಿನ್ನೆದುರು ಹರಡಿ, ಸ್ಕೂಟರೇ ಸಾಕು ಎಂದೆ. ಅವನು ಮೂಗು ತೂರಿಸಿದ. ಹೈವೇಯಲ್ಲಿ ಲಾರಿಯ ಗಾಳಿಗೆ ಸಣ್ಣ ಗಾಲಿ ಅಲುಗಾಡುತ್ತದೆ, ದಿನಾ ಅಷ್ಟು ದೂರ ಹೋಗುವವಳಿಗೆ ನೂರಿಪ್ಪತ್ತೈದು ಸಿಸಿಯ ಮೋಟಾರ್ ಸೈಕಲ್ಲೇ ಸರಿ, ಮೈಲೇಜೂ ಬರುತ್ತದೆ, ಸೀಟು ಮಾತ್ರ ಕಾಲು ನೆಲಕ್ಕೆ ಊರುವಷ್ಟು ತಗ್ಗಿರಲಿ ಎಂದ. ನೀನು ಅವನ ಮಾತು ಕೇಳಿದೆ. ಈಗ ಆ ಗಾಳಿಯಲ್ಲಿ ನಾನೇ ಹೋಗಿ ಬರುತ್ತಿದ್ದೇನೆ. ಅವನು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೇ ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು.

ಕಳೆದ ಬುಧವಾರ ಹಾರವಾಡ ದಾಟುವಾಗ ಹಿಂದಿನಿಂದ ಎರಡು ಸಲ ಹಾರ್ನ್ ಕೇಳಿಸಿತು. ನೋಡಿದರೆ ಪ್ರದೀಪ! ಬಂದವನೇ ನನ್ನ ಬಲಗಡೆಗೆ, ಲಾರಿಗಳು ಹಾಯುವ ಬದಿಗೆ ಬಂದು ಸೇರಿಕೊಂಡ. ನಾನು ನಿಧಾನ ಮಾಡಿದರೆ ಅವನೂ ನಿಧಾನ, ನಾನು ಜೋರಾದರೆ ಅವನೂ ಜೋರು. ಅಮದಳ್ಳಿ ಹೋಯಿತು, ಅರ್ಗಾ ಹೋಯಿತು, ಮನುಷ್ಯ ಬಿಡಲೊಲ್ಲ. ನನ್ನ ಹೆಂಡತಿಯ ಬೈಕಿನ ಪಕ್ಕ ಇವನಿಗೆ ಇಷ್ಟು ಅಭ್ಯಾಸವೇ ಎಂದು ಮೈಯೆಲ್ಲ ಉರಿಯಿತು. ಎರಡು ಮಾತು ಕೇಳಿಯೇಬಿಡೋಣವೆಂದು ಬಿಣಗಾದ ಬೀರಾನ ಚಾ ಅಂಗಡಿಯ ಎದುರು ನಿಲ್ಲಿಸಿದೆ. ನಾವು ಹೆಲ್ಮೆಟ್ ತೆಗೆಯುವುದರೊಳಗೆ ಬೀರಾ ಎರಡು ಗ್ಲಾಸು ತಂದಿಟ್ಟ. ನನ್ನ ಮುಖ ನೋಡಿ, “ಅಯ್ಯೋ, ಇದು ಅಮಿತಕ್ಕಂದು, ಸಕ್ರೆ ಹಾಕ್ಲಿಲ್ಲ” ಎಂದ. ನೀನು ಸಕ್ಕರೆಯಿಲ್ಲದ ಚಾ ಕುಡಿಯುತ್ತೀ ಎಂದು ನನಗೆ ಗೊತ್ತಾದದ್ದು ಹೀಗೆ. ಮನೆಯಲ್ಲಿ ದಿನಾ ನಿನ್ನ ಲೋಟಕ್ಕೆ ಎರಡು ಚಮಚ ಸುರಿಯುವವನು ನಾನು.

ಹಾರ್ನ್ ಯಾಕೆ ಹೊಡೆದೆ, ಪಕ್ಕ ಯಾಕೆ ಬಂದೆ ಎಂದು ಪ್ರದೀಪನನ್ನು ನೇರವಾಗಿ ಕೇಳಿದೆ. “ಈ ಗಾಡಿ ಕಂಡ್ರೆ ಕೈ ತಾನೇ ಹಾರ್ನಿಗೆ ಹೋಗ್ತದೆ ಮಾರಾಯ್ರೆ. ಅವತ್ತು ಬಿದ್ದಾಗಿಂದ ರೂಢಿಯಾಗಿ ಹೋಗಿದೆ” ಎಂದ. ಯಾರು ಬಿದ್ದದ್ದು ಎಂದೆ. ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಒಂದೊಂದೇ ಹೇಳಿದ. ಹೋದ ಮಳೆಗಾಲದಲ್ಲಿ ಅಮದಳ್ಳಿಯ ಆಚೆ ಒಂದು ಲಾರಿ ನಿನ್ನನ್ನು ಒತ್ತಿ ರಸ್ತೆಯಿಂದ ಕೆಳಗಿಳಿಸಿತಂತೆ, ಹಿಂದೆ ಬರುತ್ತಿದ್ದ ಇವನೇ ಎಬ್ಬಿಸಿ ಬೀರಾನ ಅಂಗಡಿಯಲ್ಲಿ ಕೂರಿಸಿದನಂತೆ. ಅಂದಿನಿಂದ ದಿನಾ ಕಾರವಾರದ ಹೈವೇ ಸುರಂಗದವರೆಗೂ ಲಾರಿಯ ಬದಿಯಲ್ಲಿ ಅವನು, ಒಳಗಡೆ ನೀನು. “ಮನೇಲಿ ಹೇಳಿದ್ರೆ ಗಾಡಿ ಮಾರಿಬಿಡ್ತಾರೆ ಹೇಳಿ ಅಮಿತಾ ಹೆದ್ರತಿತ್ತು” ಎಂದ. ನಾನು ಆ ಸಕ್ಕರೆಯಿಲ್ಲದ ಚಾವನ್ನೇ ಕುಡಿದು ಎದ್ದೆ.

ಅಮಿತಾ, ಆಸ್ಪತ್ರೆಯ ಮೆಟ್ಟಿಲಲ್ಲಿ ಜಾರಿದೆ ಎಂದಿದ್ದೆಯಲ್ಲ. ಆ ಮೊಣಕೈಗೆ ವಾರವಿಡೀ ಬಿಸಿ ಎಣ್ಣೆ ಹಚ್ಚಿದ ಕೈ ಇದು. ನೀನು ಬಿದ್ದದ್ದು ಪ್ರದೀಪನಿಗೆ ಗೊತ್ತು, ಬೀರಾನಿಗೆ ಗೊತ್ತು, ಬಾಗಿದ ಹ್ಯಾಂಡಲ್ ನೆಟ್ಟಗೆ ಮಾಡಿದ ಹುಲಿಯಾನಿಗೆ ಗೊತ್ತು. ನನಗೆ ಗೊತ್ತಿಲ್ಲ. ಹೊಟ್ಟೆಕಿಚ್ಚು ಎಂದರೆ ಇದೇ, ಬೇರೆ ಹೆಸರಿಟ್ಟು ಮುಚ್ಚುವುದಿಲ್ಲ. ಅವನು ನಿನ್ನ ಪಕ್ಕದಲ್ಲಿ ಬಂದದ್ದಕ್ಕೂ ಉರಿ ಇದೆ, ಆದರೆ ನೋವಾದಾಗ ನೀನು ಮೊದಲು ಬಾಯಿಬಿಟ್ಟದ್ದು ಅವನೆದುರು ಎಂಬುದಕ್ಕೆ ಅದರ ಹತ್ತರಷ್ಟು. ನೀನು ಹೆದರಿದ್ದು ಸರಿಯೇ. ಕೇಳಿದ್ದರೆ ಆ ದಿನವೇ ಮಾರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ? ಈಗ ಮಾರುವುದಿಲ್ಲ. ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ಒಮ್ಮೆಲೇ ಸಮುದ್ರ ಕಾಣಿಸುತ್ತದಲ್ಲ, ಗಾಳಿಗೆ ಅಂಗಿ ಉಬ್ಬುತ್ತದಲ್ಲ, ಸಂಜೆ ನೀನು ಏನನ್ನೋ ಗುನುಗುತ್ತಾ ಮನೆಗೆ ಬರುತ್ತಿದ್ದದ್ದು ಯಾಕೆಂದು ನನಗೆ ಅಲ್ಲೇ ತಿಳಿಯಿತು. ಇಷ್ಟು ಸುಖವನ್ನು ಒಬ್ಬಳೇ ಇಟ್ಟುಕೊಂಡಿದ್ದೆಯಲ್ಲ ಎಂದು ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ಈ ಪ್ರದೀಪನಿಗೆ ಸಿಟ್ಟಿನಲ್ಲಿ ಫೋನ್ ಮಾಡಬೇಡ, ಪಾಪ, ಇಷ್ಟರೊಳಗೆ ನೀನೇ ನನಗೆ ಹೇಳಿರುತ್ತೀ ಎಂದು ಅವನು ತಿಳಿದಿದ್ದ. ಆಯಿ ನಿನಗೆ ಆಶೀರ್ವಾದ ಹೇಳಿದ್ದಾಳೆ. ಹುಬ್ಬಳ್ಳಿಗೆ ಹೋಗುವವರು ಸಿಕ್ಕಿದರೆ ಒಣಸೀಗಡಿ ಚಟ್ನಿ ಕಳಿಸುತ್ತಾಳಂತೆ, ಡಬ್ಬಿ ತುಂಬಿಸಿಟ್ಟಿದ್ದಾಳೆ. ರೂಮಿನವರಿಗೂ ಕೊಡು, ನಾಕು ದಿನ ನನ್ನನ್ನು ನೋಡಿ ನಗುವುದನ್ನು ನಿಲ್ಲಿಸಲಿ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನವನೇ ಆದ
ಸಾಯಿನಾಥ

ತಾ.ಕ.: ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಕಾರವಾರ ಶಾಖೆಯಲ್ಲೇ ಉಳಿಯುತ್ತೇನೆಂದು ಸೊಸೈಟಿಯಲ್ಲಿ ಕೇಳಿಕೊಂಡೆ, ಒಪ್ಪಿದರು. ನನಗೂ ಒಂದು ಬೈಕ್ ಗೊತ್ತುಮಾಡಿದ್ದೇನೆ, ನಿನ್ನಂಥದ್ದೇ. ನೀನು ಬಂದ ಮೇಲೆ ಲಾರಿಯ ಬದಿಯಲ್ಲಿ ನಾನು. ಪ್ರದೀಪ ಬೇಕಾದರೆ ಹಾರ್ನ್ ಹೊಡೆಯುತ್ತಾ ಮುಂದೆ ಹೋಗಲಿ. ಶೋರೂಮಿಗೆ ಅವನನ್ನೇ ಕರೆದುಕೊಂಡು ಹೋಗಿದ್ದೆ, ನಗಬೇಡ, ಗಾಡಿಯ ವಿಷಯ ಅವನಿಗೆ ತಿಳಿಯುತ್ತದೆ. ಬಣ್ಣ ಯಾವುದು ಎಂದು ಅಲ್ಲಿಯವರು ಕೇಳಿದಾಗ ಮಾತ್ರ ಅವನು ಬಾಯಿ ತೆರೆಯುವ ಮೊದಲೇ, ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದುಬಿಟ್ಟೆ. ಯಾವ ಬಣ್ಣ ಹೇಳು, ಅಮಿತಾ. ಮೊದಲು ನನಗೆ ಹೇಳು.